ಮೀಟರ್‌ನಲ್ಲಿ 12.6 ವೋಲ್ಟ್ ಇದೆ, ಆದರೂ ಯುಪಿಎಸ್ ಯಾಕೆ ಆಫ್ ಆಗುತ್ತದೆ?

"ಮೀಟರ್ ಇಟ್ಟು ನೋಡಿದೆ, 12.6 ವೋಲ್ಟ್ ಇದೆ. ಬ್ಯಾಟರಿ ಸರಿಯಾಗೇ ಇದೆ, ಯುಪಿಎಸ್ ಒಳಗಿನ ಬೋರ್ಡ್ ಹೋಗಿರಬೇಕು." ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಿಂದ ಹಿಡಿದು ಸಕಲೇಶಪುರದ ತೋಟದ ಮನೆಗಳವರೆಗೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಇದನ್ನು ನಂಬಿ ಜನ ಬೋರ್ಡ್ ರಿಪೇರಿಗೆ ದುಡ್ಡು ಸುರಿಯುತ್ತಾರೆ. ಇಲ್ಲವೇ ಇಡೀ ಯುಪಿಎಸ್ಸನ್ನೇ ಗುಜರಿಗೆ ಹಾಕಿ ಹೊಸದು ತರುತ್ತಾರೆ. ಮೂರ್ನಾಲ್ಕು ವರ್ಷ ಹಳೆಯ ಯುಪಿಎಸ್, ಕರೆಂಟ್ ಹೋದ ತಕ್ಷಣ ಒಮ್ಮೆ ಕೂಗಿ ಆಫ್ ಆದರೆ, ಹೆಚ್ಚಿನ ಸಲ ಹೋಗಿರುವುದು ಬ್ಯಾಟರಿಯೇ. 12.6 ವೋಲ್ಟ್ ತೋರಿಸಿದರೂ ಅಷ್ಟೇ.

ಅದು ಹೇಗೆ? ತಾರಸಿಯ ಮೇಲೆ ನೀರಿನ ಟ್ಯಾಂಕ್ ತುಂಬಿದೆ ಅಂದುಕೊಳ್ಳಿ. ಬೋರ್‌ವೆಲ್‌ನ ಗಡಸು ನೀರು ಹರಿದು ಹರಿದು ಪೈಪಿನೊಳಗೆ ಉಪ್ಪು ಕಟ್ಟಿದೆ. ನಲ್ಲಿ ಮುಚ್ಚಿದ್ದಾಗ ಒತ್ತಡ ಅಳೆದರೆ ಹೊಸ ಪೈಪಿನಲ್ಲಿ ಇದ್ದಷ್ಟೇ ಇರುತ್ತದೆ. ಕಟ್ಟಿಕೊಂಡ ಉಪ್ಪು ಅಲ್ಲಿ ಗೊತ್ತಾಗುವುದೇ ಇಲ್ಲ. ನಲ್ಲಿಯನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಒತ್ತಡ ಕುಸಿಯುತ್ತದೆ, ನೀರು ಸಣ್ಣಗೆ ಇಳಿಯುತ್ತದೆ. ವೋಲ್ಟೇಜ್ ಎಂದರೆ ಆ ಒತ್ತಡ. ಬ್ಯಾಟರಿಯ ಒಳರೋಧ, ಅಂದರೆ ಕರೆಂಟ್ ಹರಿಯಲು ಅದರೊಳಗೇ ಇರುವ ಅಡ್ಡಿ, ಆ ಉಪ್ಪು. ಡಿಜಿಟಲ್ ಮಲ್ಟಿಮೀಟರ್ ಬ್ಯಾಟರಿಯಿಂದ ಎಳೆಯುವ ಕರೆಂಟ್ ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅಂದರೆ ಅದು ನೋಡುವುದು ಮುಚ್ಚಿದ ನಲ್ಲಿಯನ್ನು.

ಈಗ ಲೆಕ್ಕ ಹಾಕೋಣ. ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 180 ವ್ಯಾಟ್ ಎಳೆಯುತ್ತವೆ ಎನ್ನಿ. ಯುಪಿಎಸ್ ಒಳಗೆ ಐದರಲ್ಲಿ ಒಂದು ಪಾಲು ಶಾಖವಾಗಿ ಹೋದರೆ, ಬ್ಯಾಟರಿ ಕೊಡಬೇಕಾದದ್ದು 225 ವ್ಯಾಟ್. 12 ವೋಲ್ಟ್‌ಗೆ ಅದು ಸುಮಾರು 19 ಆಂಪಿಯರ್. ಅಂಗೈಯಲ್ಲಿ ಎತ್ತಬಹುದಾದ 7 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಸಣ್ಣ ಕೆಲಸ ಅಲ್ಲ. ಹೊಸ ಬ್ಯಾಟರಿಯ ಒಳರೋಧ 0.025 ಓಮ್ (ರೋಧದ ಅಳತೆ) ಇದ್ದರೆ, ಆಂಪಿಯರನ್ನು ಓಮ್‌ನಿಂದ ಗುಣಿಸಿ ನೋಡಿ, ಒಳಗೇ ಕಳೆದುಹೋಗುವುದು ಅರ್ಧ ವೋಲ್ಟ್ ಮಾತ್ರ. ಹಳೆಯದರಲ್ಲಿ ಅದು 0.15 ಓಮ್‌ಗೆ ಏರಿದ್ದರೆ 2.8 ವೋಲ್ಟ್ ಹೋಗುತ್ತದೆ. 12.6ರಲ್ಲಿ ಅದನ್ನು ಕಳೆಯಿರಿ, ಉಳಿದದ್ದು 9.8. ಸಾಮಾನ್ಯವಾಗಿ 10.5 ವೋಲ್ಟ್‌ನ ಆಸುಪಾಸಿಗೆ ಬಂದರೆ ಯುಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಆಫ್ ಆದ ಕ್ಷಣದಲ್ಲಿ ಭಾರ ಇಳಿಯುತ್ತದೆ, ವೋಲ್ಟೇಜ್ ಮತ್ತೆ ಮೇಲೇರುತ್ತದೆ. ನೀವು ಮೀಟರ್ ತರುವಷ್ಟರಲ್ಲಿ ಅದು ಮತ್ತೆ 12.6ರ ಹತ್ತಿರ!

ಈ ಒಳರೋಧ ಏರುವ ಬಗೆಯೇ ನನಗೆ ಬಲು ಇಷ್ಟವಾದ ವಿಷಯ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. ಅದರ ಹಾಳೆಗಳನ್ನು ಹದಕ್ಕೆ ತರಲು ಚಾರ್ಜ್, ಡಿಸ್ಚಾರ್ಜ್ ಎಂದು ಬಹಳ ದಿನ ಹೆಣಗಬೇಕಿತ್ತು. 1881ರಲ್ಲಿ ಕಮೀಯ್ ಫೋರ್ ಎಂಬವನು ಸೀಸದ ಆಕ್ಸೈಡ್ ಪೇಸ್ಟನ್ನು ಹಾಳೆಗೆ ಬಳಿದು ಆ ತಲೆನೋವು ಕಳೆದ. ನಮ್ಮ ಮೇಜಿನ ಕೆಳಗಿನ ಯುಪಿಎಸ್‌ನಲ್ಲಿ ಇಂದಿಗೂ ನಡೆಯುವುದು ಅದೇ ರಸಾಯನ ಕ್ರಿಯೆ. ಆಮ್ಲ ಚೆಲ್ಲದಂತೆ ಗಾಜಿನ ನಾರಿನ ಪದರಕ್ಕೆ ಹೀರಿಸಿ ಸೀಲ್ ಮಾಡಿರುತ್ತಾರೆ, ಅಷ್ಟೇ.

ಬ್ಯಾಟರಿ ಖಾಲಿಯಾಗುವಾಗ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹುಟ್ಟುತ್ತದೆ. ಆಮ್ಲ ನೀರುನೀರಾಗುತ್ತದೆ. ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಎಲ್ಲ ಮೊದಲಿನಂತಾಗುತ್ತದೆ. ಆಗಷ್ಟೇ ಹುಟ್ಟಿದ ಹರಳುಗಳು ತೀರಾ ಸಣ್ಣವು, ಬೇಗ ಕರಗುತ್ತವೆ. ಆದರೆ ಬ್ಯಾಟರಿಯನ್ನು ವಾರಗಟ್ಟಲೆ ಅರ್ಧಂಬರ್ಧ ಚಾರ್ಜಿನಲ್ಲೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ದೊಡ್ಡ ಹರಳಿಗೆ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ. ಮಾಮೂಲಿ ಚಾರ್ಜಿಂಗ್‌ಗೆ ಅದು ಕರಗುವುದಿಲ್ಲ. ಸೀಸದ ಸಲ್ಫೇಟ್‌ನಲ್ಲಿ ವಿದ್ಯುತ್ ಹರಿಯುವುದೂ ಇಲ್ಲ. ತಟ್ಟೆಯ ಅಷ್ಟು ಜಾಗ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಇದರ ಜೊತೆಗೆ ವರ್ಷಗಳು ಕಳೆದಂತೆ ಒಳಗಿನ ನೀರು ಆರುತ್ತದೆ, ಧನ (ಪ್ಲಸ್) ತಟ್ಟೆಯ ಸೀಸದ ಜಾಲರಿ ಸವೆಯುತ್ತದೆ.

ಮಲೆನಾಡಿನ ತಂಪು ಬ್ಯಾಟರಿಗೆ ಒಳ್ಳೆಯದು. ಉಷ್ಣತೆ 10 ಡಿಗ್ರಿ ಏರಿದರೆ ಇದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೂ ಮೂಡಿಗೆರೆ, ಸಕಲೇಶಪುರದ ಕಡೆ ಬ್ಯಾಟರಿ ಬೇಗ ಹೋಗುತ್ತದೆ ಅಂತಾರೆ, ಥಂಡಿಯನ್ನು ಬೈಯುತ್ತಾರೆ. ನನ್ನ ಅನುಮಾನ ಇರುವುದು ಮಳೆಗಾಲದ ಕರೆಂಟಿನ ಮೇಲೆ. ಗಾಳಿಗೆ ಮರ ಬಿದ್ದು ಲೈನ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಖಾಲಿಯಾದ ಸಣ್ಣ ಯುಪಿಎಸ್ ತುಂಬಲು ಆರೆಂಟು ಗಂಟೆ ಬೇಕು. ಅಷ್ಟು ಹೊತ್ತು ಕರೆಂಟ್ ನಿಲ್ಲದಿದ್ದರೆ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ತುಂಬುವುದೇ ಇಲ್ಲ. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಇನ್ನೊಂದು ಕಾಟ ಇದೆ. ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ತೀರಾ ಇಳಿಯುತ್ತದೆ. ಲೈನಿನಿಂದ ಬ್ಯಾಟರಿಗೆ ಬದಲಿಸುವ ಯುಪಿಎಸ್‌ನ ಸ್ವಿಚ್ಚು, ಅಂದರೆ ರಿಲೇ, ಟಿಕ್ ಟಿಕ್ ಎನ್ನುತ್ತದೆ, ಲೈಟ್ ಉರಿಯುತ್ತಿದ್ದರೂ ಕಂಪ್ಯೂಟರ್ ಬ್ಯಾಟರಿಯಲ್ಲೇ ಓಡುತ್ತದೆ.

ಇಂಥ ಬ್ಯಾಟರಿಗೆ ವಾಟ್ಸಾಪ್‌ನಲ್ಲಿ ಓಡಾಡುವ ಮದ್ದು ಒಂದಿದೆ: "ಪೂರ್ತಿ ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿ, ಹೊಸದರಂತಾಗುತ್ತದೆ." ದಯವಿಟ್ಟು ಮಾಡಬೇಡಿ. ಈ ಮಾತು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಸಲ್ಲುತ್ತದೆ, ಅದಕ್ಕೆ ಹಾಸನದವರಿಗೆ ಹತ್ತಿರದ ಉದಾಹರಣೆಯೇ ಇದೆ. ಸಾಲಗಾಮೆ ರಸ್ತೆಯಲ್ಲಿ 1982ರಲ್ಲಿ ಶುರುವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವನ್ನು, ಕಾಯುತ್ತದೆ. ಅವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮನಾಗುವ ದಿನಗಳ ಆಸುಪಾಸಿನಲ್ಲಿ, ಪ್ರತಿ ಸಲ ಸುಮಾರು 45 ದಿನ, ಅವು ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬೀಳುತ್ತವೆ. ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಸೂರ್ಯನ ಬೆಳಕಿಲ್ಲ, ಬ್ಯಾಟರಿಯೇ ಗತಿ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದ್ದ ಕಾಲದ ಉಪಗ್ರಹಗಳಲ್ಲಿ, ನೆರಳಿನ ಕಾಲ ಬರುವ ಮೊದಲು ಬ್ಯಾಟರಿಯನ್ನು ಬೇಕೆಂದೇ ಆಳವಾಗಿ ಖಾಲಿ ಮಾಡಿ ಮತ್ತೆ ತುಂಬುವುದು ರೂಢಿಯಾಗಿತ್ತು. ಆ ಬ್ಯಾಟರಿಗೆ ಅದರಿಂದ ನಿಜಕ್ಕೂ ಚೈತನ್ಯ ಬರುತ್ತಿತ್ತು. ಸೀಸದ ಬ್ಯಾಟರಿಗೆ ಅದನ್ನೇ ಮಾಡಿದರೆ ಸಲ್ಫೇಟ್ ಇನ್ನಷ್ಟು ಕಟ್ಟುತ್ತದೆ.

ಬರಿ ನೆಲದ ಮೇಲೆ ಇಟ್ಟರೆ ಚಾರ್ಜ್ ಭೂಮಿಗೆ ಇಳಿಯುತ್ತದೆ ಎಂಬ ಮಾತೂ ಸುಮ್ನೆ ಹಬ್ಬಿದ್ದು. ಪ್ಲಾಸ್ಟಿಕ್ ಡಬ್ಬದ ತಳದಿಂದ ಕರೆಂಟ್ ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲಷ್ಟೇ ಬ್ಯಾಟರಿ ಹೊರತೆಗೆಯಿರಿ. ಕೆಲವು ಸಣ್ಣ ಯುಪಿಎಸ್‌ಗಳಲ್ಲಿ ಬ್ಯಾಟರಿಯ ವೈರಿಗೂ ಮೇನ್ಸ್‌ಗೂ (ಗೋಡೆಯ ಪ್ಲಗ್ಗಿನ ಕರೆಂಟಿಗೂ) ನೇರ ಸಂಪರ್ಕ ಇರುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ. ಬ್ಯಾಟರಿ ಉಬ್ಬಿದ್ದರೆ ಪರೀಕ್ಷೆಯೇ ಬೇಡ, ಅದರ ಕಥೆ ಮುಗಿದಿದೆ. ಉಬ್ಬಿಲ್ಲದಿದ್ದರೆ ಗ್ಯಾರೇಜಿನಲ್ಲಿ ಸಿಗುವ 12 ವೋಲ್ಟ್, 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ತನ್ನಿ. ದಪ್ಪ ವೈರಿನಿಂದ ಬ್ಯಾಟರಿಗೆ ಜೋಡಿಸಿ, ಉರಿಯುವಾಗಲೇ ವೋಲ್ಟೇಜ್ ಅಳೆಯಿರಿ. ಬಲ್ಬ್ ಸುಡುತ್ತದೆ, ಕೈ ದೂರ ಇರಲಿ. ಪೂರ್ತಿ ಚಾರ್ಜ್ ಆದ ಒಳ್ಳೆಯ ಬ್ಯಾಟರಿ ಐದು ನಿಮಿಷದ ಮೇಲೂ 12ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೋದ ಬ್ಯಾಟರಿ ಒಂದೆರಡು ನಿಮಿಷದಲ್ಲೇ 11ರ ಕೆಳಗೆ ಜಾರುತ್ತದೆ.

ಬ್ಯಾಟರಿ ಬದಲಿಸಿದ ಮೇಲೆ ಚಾರ್ಜರ್ ನೋಡದೆ ಬಿಡಬೇಡಿ. ಒಂದು ರಾತ್ರಿ ಚಾರ್ಜ್ ಆದ ಮೇಲೆ, ಪ್ಲಗ್ ಹಾಕಿದ್ದಾಗಲೇ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 13.8 ವೋಲ್ಟ್ ಇರಬೇಕು. ಮೇನ್ಸ್ ಇದ್ದಾಗ ತೆರೆದು ಅಳೆಯುವ ಈ ಕೆಲಸವನ್ನು ಮೆಕ್ಯಾನಿಕ್ ಕೈಲೇ ಮಾಡಿಸಿ. 14.5 ದಾಟಿದ್ದರೆ ಚಾರ್ಜರ್ ಹೊಸ ಬ್ಯಾಟರಿಯನ್ನೂ ಒಣಗಿಸುತ್ತದೆ. 12.6ರಲ್ಲೇ ಇದ್ದರೆ ಅದು ಚಾರ್ಜೇ ಮಾಡುತ್ತಿಲ್ಲ. ಬೋರ್ಡ್ ರಿಪೇರಿಯ ಮಾತು ಬರಬೇಕಾದದ್ದು ಇಲ್ಲಿ.

ಹೊಸ ಬ್ಯಾಟರಿ ಕೊಳ್ಳುವಾಗ ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ವರ್ಷಗಟ್ಟಲೆ ಚಾರ್ಜಿಲ್ಲದೆ ಕೂತ ಬ್ಯಾಟರಿಯೊಳಗೂ ಆ ಹರಳುಗಳು ಬೆಳೆದಿರುತ್ತವೆ. ಹಳೆಯದನ್ನು ತೋಟದ ಗುಂಡಿಗೆ ಎಸೆಯಬೇಡಿ. ಸೀಸ ಮಣ್ಣಿಗೂ ಬಾವಿಗೂ ವಿಷ. ಅಂಗಡಿಗೇ ಕೊಡಿ, ಸಾಮಾನ್ಯವಾಗಿ ಬಿಲ್ಲಿನಲ್ಲಿ ಅದರ ಬೆಲೆ ಕಳೆಯುತ್ತಾರೆ.