ಕ್ಯಾನ್ ನೀರು ಕುಡಿಯೋಕೆ ಸರಿ, ಲೆನ್ಸ್ ತೊಳೆಯೋಕೆ ಬೇಡ

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ, ಲೆನ್ಸ್ ಕೊಡುವವನು. ಕೋಲಾರದಲ್ಲಿ ಮೊದಲ ಸಲ ಕಾಂಟ್ಯಾಕ್ಟ್ ಲೆನ್ಸ್ ಕೇಳಿಕೊಂಡು ಬರುವವರಲ್ಲಿ ಮದುವೆ ಗೊತ್ತಾದ ಹೆಣ್ಣುಮಕ್ಕಳೇ ಹೆಚ್ಚು. ಆಮೇಲೆ ಹೆಲ್ಮೆಟ್ ಹಾಕಿದಾಗಲೆಲ್ಲ ಕನ್ನಡಕ ಕಿವಿಗೆ ಒತ್ತುತ್ತದೆ ಎನ್ನುವ ಹುಡುಗರು, ಕಬಡ್ಡಿ ಆಡುವವರು. ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಎಷ್ಟಾಗುತ್ತದೆ? ನೋಯುತ್ತದಾ? ಕಣ್ಣಿನ ಹಿಂದಕ್ಕೆ ಜಾರಿ ಹೋಗಿಬಿಟ್ಟರೆ? ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ರೆಪ್ಪೆಯ ಒಳಗಿನ ತೆಳು ಪೊರೆ ಮಡಚಿಕೊಂಡು ಬಿಳಿಗುಡ್ಡೆಗೆ ಅಂಟಿರುತ್ತದೆ, ಆದ್ದರಿಂದ ಲೆನ್ಸ್ ಹೆಚ್ಚೆಂದರೆ ಮೇಲಿನ ರೆಪ್ಪೆಯ ಅಡಿ ಸಿಕ್ಕಿಕೊಳ್ಳಬಹುದು. ಲೆನ್ಸ್‌ಗೆಂದೇ ಇರುವ ಡ್ರಾಪ್ಸ್ ಎರಡು ಹನಿ ಬಿಟ್ಟು, ಕಣ್ಣು ಮುಚ್ಚಿ, ರೆಪ್ಪೆಯನ್ನು ಮೆಲ್ಲಗೆ ನೀವಿದರೆ ಕೆಳಗೆ ಬರುತ್ತದೆ.

ಯಾವ ನೀರಿನಲ್ಲಿ ತೊಳೆಯಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡಿರುತ್ತಾರೆ: ಫಿಲ್ಟರ್ ನೀರು.

ನಮ್ಮ ಜಿಲ್ಲೆಯವರಿಗೆ ಈ ನಂಬಿಕೆ ಸುಮ್ಮನೆ ಬಂದದ್ದಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರುವ ನೀರಿನಲ್ಲಿ ಫ್ಲೋರೈಡ್, ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಉಪ್ಪು. ಹಾಗಾಗಿ ಶುದ್ಧ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಆರ್‌ಒ ಯಂತ್ರ ಫ್ಲೋರೈಡ್, ಉಪ್ಪನ್ನು ತೆಗೆಯುತ್ತದೆ, ಕುಡಿಯಲು ಆ ನೀರೇ ಸರಿ. ಆದರೆ ಅದರಲ್ಲಿ ಒಂದೂ ಜೀವಿ ಇಲ್ಲ ಎಂದು ಹೇಳಲು ಬರುವುದಿಲ್ಲ. ಘಟಕದ ನಲ್ಲಿ, ವರ್ಷಗಟ್ಟಲೆ ಬಳಸಿದ ಕ್ಯಾನ್, ಮನೆಯ ಬಿಂದಿಗೆ, ಅದರೊಳಗೆ ಅದ್ದಿದ ಚೊಂಬು: ಇಷ್ಟು ದಾಟಿ ಬಂದ ನೀರು ಅದು.

ಅಕಾಂಥಮೀಬಾ ಎಂಬ ಏಕಕೋಶ ಜೀವಿ ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ, ತಾರಸಿಯ ಟ್ಯಾಂಕಿನಲ್ಲಿ, ಈಜುಕೊಳದಲ್ಲಿ, ಎಲ್ಲ ಕಡೆ ಇದೆ. ಕ್ಲೋರಿನ್ ಹಾಕಿದರೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಕೂತುಬಿಡುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಬರಿಗಣ್ಣಿಗೆ ಚಿಮುಕಿಸಿಕೊಂಡರೂ ಸಾಮಾನ್ಯವಾಗಿ ಕಣ್ಣೀರು ತೊಳೆದುಕೊಂಡು ಹೋಗುತ್ತದೆ. ಲೆನ್ಸ್ ಇದ್ದಾಗ ಲೆಕ್ಕ ಬದಲಾಗುತ್ತದೆ. ಸಾಫ್ಟ್ ಲೆನ್ಸ್ ನೀರು ಹೀರಿ ಹಿಡಿದಿಡುವ ವಸ್ತು. ಕೆಲವು ಬಗೆಯ ಲೆನ್ಸ್‌ಗಳಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಬರೀ ನೀರೇ. ಉಪ್ಪಿನಂಶವಿಲ್ಲದ ನೀರು ತಾಕಿದರೆ ಅದು ಉಬ್ಬಿ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಕೀಳುವಾಗ ಮೇಲ್ಪದರ ತರಚುತ್ತದೆ. ಆ ತರಚಿನ ಮೂಲಕ ಜೀವಿ ಒಳಗೆ ಇಳಿಯುತ್ತದೆ. ಈ ಸೋಂಕು ಅಪರೂಪ, ಒಪ್ಪುತ್ತೇನೆ. ಆದರೆ ಬಂದರೆ ಶುರುವಿನಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ ಡ್ರಾಪ್ಸ್, ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವರಿಗೆ ಕೊನೆಗೆ ಕಾರ್ನಿಯಾ ಕಸಿ.

ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿದರೆ ಸಾಲದೇ ಎಂದು ಬುದ್ಧಿವಂತರು ಕೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಸೋಂಕು ಹೆಚ್ಚಾದಾಗ ಕಾರಣ ಹುಡುಕಿದರೆ, ಹಲವರು ಡಿಸ್ಟಿಲ್ಡ್ ವಾಟರ್‌ನಲ್ಲಿ ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಸಲೈನ್ ಮಾಡಿಕೊಳ್ಳುತ್ತಿದ್ದರು. ಮೆಡಿಕಲ್ ಸ್ಟೋರಿನ ಡ್ರಿಪ್ ಬಾಟಲಿ ತಂದು ವಾರಗಟ್ಟಲೆ ಬಳಸುವುದೂ ಅಷ್ಟೇ. ಸಲೈನ್‌ಗೆ ಕ್ರಿಮಿ ಕೊಲ್ಲುವ ಗುಣವಿಲ್ಲ, ಮುಚ್ಚಳ ತೆರೆದ ಮೇಲೆ ಅದೂ ಕೆಡುತ್ತದೆ. ಲೆನ್ಸ್ ತೊಳೆಯಲು, ಕ್ರಿಮಿ ಕೊಲ್ಲಲು ಎಂದೇ ಇರುವುದು ಲೆನ್ಸ್ ಸಲ್ಯೂಷನ್. ಅದು ದುಬಾರಿ ಅನ್ನಿಸಿದರೆ, ಒಂದು ದಿನ ಹಾಕಿ ಬಿಸಾಡುವ ಡೈಲಿ ಲೆನ್ಸ್ ತೆಗೆದುಕೊಂಡು ಬೇಕಾದ ದಿನ ಮಾತ್ರ ಹಾಕಿಕೊಳ್ಳಿ. ವಾರಕ್ಕೆ ಒಂದೆರಡು ಸಲ ಹಾಕುವವರಿಗೆ ನಾನು ಇದನ್ನೇ ಹೇಳುವುದು. ತೊಳೆಯುವ ಪ್ರಮೇಯವೇ ಇಲ್ಲ.

ತಿಂಗಳ ಲೆನ್ಸ್ ಆದರೆ ರಾತ್ರಿ ತೆಗೆದ ಕೂಡಲೇ ಅಂಗೈಯಲ್ಲಿಟ್ಟು, ಸಲ್ಯೂಷನ್ ಬಿಟ್ಟು, ಬೆರಳತುದಿಯಿಂದ ಎರಡೂ ಬದಿ ಉಜ್ಜಬೇಕು. ‘ನೋ ರಬ್’ ಎಂದು ಬಾಟಲಿಯ ಮೇಲೆ ಬರೆದಿದ್ದರೂ ಉಜ್ಜಿ. ಲೆನ್ಸ್ ನೆನೆಸಿಡುವ ಡಬ್ಬಿಯಲ್ಲಿ ದಿನಾ ಹೊಸ ಸಲ್ಯೂಷನ್. ನಿನ್ನೆಯದರ ಮೇಲೆ ನಾಲ್ಕು ಹನಿ ಸೇರಿಸಿ ಉಳಿತಾಯ ಮಾಡಿದರೆ ಅದರ ಶಕ್ತಿಯೇ ಹೋಗಿರುತ್ತದೆ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸಲ್ಯೂಷನ್‌ನಲ್ಲೇ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಬಚ್ಚಲುಮನೆಯ ಗೂಡಿನಲ್ಲಿ ಇಡಬೇಡಿ. ಡಬ್ಬಿ ಮೂರು ತಿಂಗಳಿಗೆ ಬದಲಾಗಬೇಕು. ‘ಲೆನ್ಸ್ ತಿಂಗಳದ್ದು’ ಎಂದರೆ ಪ್ಯಾಕ್ ಒಡೆದ ದಿನದಿಂದ ಲೆಕ್ಕ, ಹಾಕಿದ ದಿನಗಳನ್ನು ಮಾತ್ರ ಎಣಿಸುವಂತಿಲ್ಲ.

ಕೈಗೂ ನೀರಿಗೂ ಇರುವ ನಂಟನ್ನು ಹೆಚ್ಚಿನವರು ಮರೆಯುತ್ತಾರೆ. ಸೋಪಿನಲ್ಲಿ ತೊಳೆದದ್ದು ಸರಿ, ಒದ್ದೆ ಬೆರಳಲ್ಲೇ ಲೆನ್ಸ್ ಮುಟ್ಟಿದರೆ ನಲ್ಲಿ ನೀರೇ ಕಣ್ಣಿಗೆ ಹೋಯಿತು. ನಾರು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಸ್ನಾನ, ಈಜು ಎರಡಕ್ಕೂ ಮೊದಲು ಲೆನ್ಸ್ ಹೊರಗೆ. ನಮ್ಮೂರ ಬೆಟ್ಟದ ಅಂತರಗಂಗೆಗೆ ಹೋದರೆ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಕಣ್ಣಿಗೆ ಒತ್ತಿಕೊಳ್ಳದೆ ಬರುವವರು ಕಡಿಮೆ. ಭಕ್ತಿಗೆ ನನ್ನ ತಕರಾರಿಲ್ಲ, ಆ ದಿನ ಕನ್ನಡಕದಲ್ಲಿ ಬೆಟ್ಟ ಹತ್ತಿ.

ಇನ್ನು ನಂಬರ್. ಕನ್ನಡಕದ ಚೀಟಿ ತೋರಿಸಿ ‘ಇದೇ ಪವರ್ ಕೊಡಿ’ ಎಂದರೆ ಸಾಲದು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಮೈನಸ್ 8 ಇದ್ದವರಿಗೆ ಲೆನ್ಸ್‌ನಲ್ಲಿ ಮೈನಸ್ 7.25ರಷ್ಟು ಸಾಕಾಗುತ್ತದೆ. ಕಾರ್ನಿಯಾದ ಬಾಗು ಅಳೆಯಬೇಕು, ನಂಬರಿನಲ್ಲಿ ಸಿಲಿಂಡರ್ ಇದ್ದರೆ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದಿದ್ದರೆ) ಅದಕ್ಕೆಂದೇ ಮಾಡಿದ ಟೋರಿಕ್ ಲೆನ್ಸ್ ಬೇಕಾಗಬಹುದು, ಕಣ್ಣು ಒಣಗುವ ತೊಂದರೆ ಇದೆಯೇ ನೋಡಬೇಕು. ಬ್ಯೂಟಿ ಪಾರ್ಲರಿನಲ್ಲಿ ಸಿಗುವ ಬಣ್ಣದ ಲೆನ್ಸ್‌ಗೆ ಪವರ್ ಇಲ್ಲದಿದ್ದರೂ ಇದೆಲ್ಲ ಅನ್ವಯಿಸುತ್ತದೆ. ಅಕ್ಕ ಹಾಕಿದ್ದನ್ನು ತಂಗಿ ಹಾಕುವುದಂತೂ ಬೇಡವೇ ಬೇಡ. ನಲವತ್ತು ದಾಟಿದವರಿಗೆ ಇನ್ನೊಂದು ಮಾತು: ಕನ್ನಡಕ ತೆಗೆದು ಪೇಪರ್ ಓದುವ ಅಭ್ಯಾಸ ನಿಮಗಿದ್ದರೆ, ಲೆನ್ಸ್ ಹಾಕಿದ ಮೇಲೆ ಓದಲು ಬೇರೆ ಕನ್ನಡಕ ಕೇಳುತ್ತದೆ.

ಮೊದಲ ದಿನ ಹಾಕಿಕೊಳ್ಳುವುದನ್ನು ಕಲಿಸುವಾಗ ಪಕ್ಕದಲ್ಲಿ ತಾಯಿ ಕೂತಿರುತ್ತಾರೆ. ‘ಸಾರ್, ನಮ್ಮ ಹುಡುಗಿ ಡ್ರಾಪ್ಸ್ ಹಾಕೋಕೂ ಬಿಡಲ್ಲ, ಇದೆಲ್ಲಿ ಹಾಕ್ಕೋತಾಳೆ?’ ‘ಅಮ್ಮ, ಡ್ರಾಪ್ಸ್ ನೀವು ಹಾಕ್ತೀರ, ಇದು ಅವಳೇ ಹಾಕ್ಕೋತಾಳೆ. ತನ್ನ ಕೈ ಆದ್ರೆ ಭಯ ಕಮ್ಮಿ.’ ಲೆನ್ಸ್ ಬೆರಳತುದಿಯ ಮೇಲೆ ಪುಟ್ಟ ಬಟ್ಟಲಿನಂತೆ ನಿಲ್ಲಬೇಕು, ಅಂಚು ಹೊರಕ್ಕೆ ಬಾಗಿದ್ದರೆ ತಿರುಗುಮುರುಗಾಗಿದೆ ಎಂದರ್ಥ. ಎಡಗೈಯಿಂದ ಮೇಲಿನ ರೆಪ್ಪೆಯನ್ನು ಕೂದಲ ಬುಡದಲ್ಲೇ ಹಿಡಿಯಿರಿ. ಮೇಲೆ ಎಲ್ಲೋ ಹಿಡಿದರೆ ರೆಪ್ಪೆ ತಪ್ಪಿಸಿಕೊಂಡು ಮುಚ್ಚುತ್ತದೆ, ಮೊದಲ ದಿನ ಸೋಲುವುದೆಲ್ಲ ಇಲ್ಲೇ. ಸದಾ ಬಲಗಣ್ಣಿನಿಂದ ಶುರು ಮಾಡಿದರೆ ಎರಡು ಅದಲುಬದಲಾಗುವುದಿಲ್ಲ. ತೆಗೆಯುವಾಗ ಮೇಲೆ ನೋಡಿ, ಲೆನ್ಸನ್ನು ಬಿಳಿಗುಡ್ಡೆಗೆ ಜಾರಿಸಿ, ಬೆರಳ ಮೆತ್ತನೆ ಭಾಗದಿಂದ ಚಿವುಟಿ ತೆಗೆಯಬೇಕು. ಉಗುರು ಬೆಳೆಸಿದವರಿಗೆ ಇದು ಕಷ್ಟ. ಹಸಿಮೆಣಸಿನಕಾಯಿ ಹೆಚ್ಚುವುದಿದ್ದರೆ ಲೆನ್ಸ್ ಹಾಕಿದ ಮೇಲೆ ಹೆಚ್ಚಿ, ತೆಗೆಯುವ ಮೊದಲು ಕೈಗೆ ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ. ಖಾರ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಬಿಡುವುದಿಲ್ಲ.

ಮೊದಲ ದಿನ ನಾಲ್ಕು ಗಂಟೆ ಸಾಕು, ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತಾ ಹೋಗಿ. ಮದುವೆಗೆ ಮೂರು ದಿನ ಇದೆ ಎಂದು ಓಡಿ ಬರುವವರಿಗೆ ನಾನು ‘ಬೇಡಮ್ಮ’ ಎನ್ನುವುದೇ ಹೆಚ್ಚು. ಒಂದು ತಿಂಗಳು ಮೊದಲೇ ಬನ್ನಿ. ನಮ್ಮ ಕಡೆ ಹಿಂದಿನ ಸಂಜೆ ರಿಸೆಪ್ಷನ್, ಬೆಳಗಿನ ಜಾವ ಮುಹೂರ್ತ. ಫೋಟೊ ಮುಗಿದು ಛತ್ರದ ರೂಮಿಗೆ ಬರುವಾಗ ಹನ್ನೆರಡಾಗಿರುತ್ತದೆ, ಮೂರೂವರೆಗೆ ಬ್ಯೂಟಿಷಿಯನ್ ಬಾಗಿಲು ತಟ್ಟುತ್ತಾಳೆ. ಮೂರು ಗಂಟೆ ನಿದ್ದೆಗೆ ಯಾರು ತೆಗೆಯುತ್ತಾರೆ ಎಂದು ಮಲಗಿಬಿಡುತ್ತಾರೆ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಅದರ ಉಸಿರಾಟ ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ. ರೆಪ್ಪೆಯೂ ಮುಚ್ಚಿ, ಲೆನ್ಸೂ ಮುಚ್ಚಿದರೆ ಊದಿಕೊಳ್ಳುತ್ತದೆ, ಸೋಂಕಿನ ಅಪಾಯ ಹಲವು ಪಟ್ಟಾಗುತ್ತದೆ. ಮದುಮಗಳಿಗೆ ನಾನು ಕೊಡುವುದು ಡೈಲಿ ಲೆನ್ಸ್: ರಿಸೆಪ್ಷನ್‌ಗೆ ಒಂದು ಜೊತೆ, ಮಂಗಳಸ್ನಾನ ಮುಗಿದ ಮೇಲೆ ಮುಹೂರ್ತಕ್ಕೆ ಇನ್ನೊಂದು, ಪರ್ಸಿನಲ್ಲಿ ಮತ್ತೊಂದು. ಹೇರ್ ಸ್ಪ್ರೇ ಮೊದಲು, ಲೆನ್ಸ್ ಆಮೇಲೆ, ಮೇಕಪ್ ಕೊನೆಗೆ. ಕಾಡಿಗೆ ರೆಪ್ಪೆಯ ಒಳಅಂಚಿಗೆ ಬೇಡ.

ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗುವವರಿಗೂ ಇದೇ ಮಾತು. ಸೀಟು ಸಿಕ್ಕ ಕೂಡಲೇ ನಿದ್ದೆ ಬರುತ್ತದೆ ಎಂದು ನಿಮಗೂ ಗೊತ್ತು. ಟ್ರೈನಿನಲ್ಲಿ ಕನ್ನಡಕ, ಆಫೀಸಿಗೆ ಹೋಗಿ ಕೈ ತೊಳೆದು ಒರೆಸಿಕೊಂಡು ಲೆನ್ಸ್. ಟೊಮೆಟೊಗೆ ಔಷಧಿ ಹೊಡೆಯುವ ದಿನ ಲೆನ್ಸ್ ಹಾಕಲೇಬೇಡಿ.

ಕಣ್ಣು ಕೆಂಪಾಗಿ, ನೋವು, ಮಂಜು, ಬೆಳಕು ನೋಡಲಾಗದಿರುವುದು, ಇವುಗಳಲ್ಲಿ ಯಾವುದು ಬಂದರೂ ಎರಡೂ ಲೆನ್ಸ್ ತೆಗೆಯಿರಿ. ಉಷ್ಣ ಎಂದು ನಂದಿಬಟ್ಟಲು ಹೂವು ಒತ್ತುವುದು, ಹರಳೆಣ್ಣೆ ಬಿಡುವುದು ಬೇಡ. ಅದಕ್ಕಿಂತ ಅಪಾಯ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡ್ರಾಪ್ಸ್. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದು ಆರಾಮ ಎನಿಸುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ತೆಗೆದ ಲೆನ್ಸ್, ಡಬ್ಬಿ, ಸಲ್ಯೂಷನ್ ಬಾಟಲಿ ಯಾವುದನ್ನೂ ಬಿಸಾಡದೆ ಒಂದು ಕವರಿನಲ್ಲಿ ಹಾಕಿಕೊಂಡು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಯಾವ ಕ್ರಿಮಿ ಎಂದು ಲ್ಯಾಬಿನಲ್ಲಿ ನೋಡಲು ಅವು ಬೇಕಾಗುತ್ತವೆ. ನನ್ನಂಥ ಆಪ್ಟೋಮೆಟ್ರಿಸ್ಟ್ ಅಂಗಡಿ ತೆರೆಯಲಿ ಎಂದು ಸೋಮವಾರದವರೆಗೆ ಕಾಯಬೇಡಿ. ಭಾನುವಾರವಾದರೂ ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಲೆನ್ಸ್ ಹಾಕ್ತಿದ್ದೆ’ ಎಂದು ಮೊದಲೇ ಹೇಳಿ.