ನೊವೆಲಾ: ಮುಗಿಯಲೆಂದೇ ಹುಟ್ಟುವ ಧಾರಾವಾಹಿ

ಬ್ರೆಜಿಲ್‌ನ ಟೆಲಿವಿಷನ್ ಬಗ್ಗೆ ಏನನ್ನು ಓದಲು ಹೊರಟರೂ ಮೊದಲು ಎದುರಾಗುವ ಪದ ‘ನೊವೆಲಾ’. ‘ನಾವೆಲ್’ ಎಂಬ ಪದ ಬಳಸಿ ರೂಢಿಯಿರುವ ನಮಗೆ ಇದು ಕಾದಂಬರಿಯೇ ಇರಬೇಕೆಂದು ತೋರುವುದು ಸಹಜ. ಆದರೆ ಬ್ರೆಜಿಲ್‌ನ ಜನರಾಡುವ ಪೋರ್ಚುಗೀಸ್ ಭಾಷೆಯಲ್ಲಿ ಕಾದಂಬರಿಗಿರುವ ಹೆಸರು ‘ರೊಮಾನ್ಸಿ’. ಸಾಹಿತ್ಯದ ಪರಿಭಾಷೆಯಲ್ಲಿ ನೊವೆಲಾ ಎಂದರೆ ನೀಳ್ಗತೆ. ಮನೆಮಾತಿನಲ್ಲಿ ಮಾತ್ರ ಅದು ಸಂಜೆಯಿಂದ ರಾತ್ರಿಯವರೆಗೆ ಟಿ.ವಿ.ಯಲ್ಲಿ ಬರುವ ದೈನಿಕ ಧಾರಾವಾಹಿ. ‘ಟೆಲೆನೊವೆಲಾ’ ಎಂಬ ಪೂರ್ಣರೂಪವನ್ನು ಹೊರಗಿನವರೂ ಅಧ್ಯಯನಕಾರರೂ ಬಳಸುತ್ತಾರೆಯೇ ಹೊರತು, ಊಟ ಮುಗಿಸಿ ಸೋಫಾದ ಮೇಲೆ ಕೂರುವವರಿಗೆ ಅದು ಬರೀ ನೊವೆಲಾ.

ಇದನ್ನು ಕನ್ನಡದಲ್ಲಿ ‘ಧಾರಾವಾಹಿ’ ಎಂದರೆ ತಪ್ಪೇನಿಲ್ಲ. ನಮ್ಮ ವಾರಪತ್ರಿಕೆಗಳಲ್ಲಿ ಕಂತು ಕಂತಾಗಿ ಅಚ್ಚಾಗಿ ‘ಮುಂದುವರಿಯುವುದು’ ಎಂದು ನಿಲ್ಲುತ್ತಿದ್ದ ಕತೆಗಳಿಂದಲೇ ಆ ಪದ ಟಿ.ವಿ.ಗೆ ಬಂದಂತೆ, ನೊವೆಲಾದ ಬೇರು ಕೂಡ ‘ಫೊಲ್ಯೆತಿಂ’ ಎಂದು ಕರೆಯಲಾಗುವ ಪತ್ರಿಕಾ ಕಂತುಗಳಲ್ಲಿದೆ. ನಡುವೆ ಕ್ಯೂಬಾದಿಂದ ಬಂದ ರೇಡಿಯೊ ನಾಟಕಗಳ ಒಂದು ಘಟ್ಟವೂ ಇದೆ. ವ್ಯತ್ಯಾಸ ಇರುವುದು ಬೇರೆಡೆ. ನೊವೆಲಾ ಮುಗಿಯುತ್ತದೆ. ಏಳೆಂಟು ತಿಂಗಳಿಗೆ ಅದರ ಆಯುಷ್ಯ ತೀರುತ್ತದೆ, ಮುಂದಿನ ವಾರವೇ ಬೇರೆ ಲೇಖಕರ ಬೇರೆ ಕತೆ ಅದೇ ಹೊತ್ತಿಗೆ ಆರಂಭವಾಗುತ್ತದೆ. ಜನಪ್ರಿಯವಾಯಿತೆಂಬ ಕಾರಣಕ್ಕೆ ನಾಯಕಿಯ ಮೊಮ್ಮಕ್ಕಳ ಮದುವೆಯವರೆಗೂ ಎಳೆದುಕೊಂಡು ಹೋಗುವ ಪದ್ಧತಿ ಅಲ್ಲಿಲ್ಲ.

1951ರಲ್ಲಿ ಟಿ.ವಿ. ಟುಪಿ ವಾಹಿನಿಯಲ್ಲಿ ವಾರಕ್ಕೆ ಎರಡೇ ದಿನ ನೇರಪ್ರಸಾರವಾಗುತ್ತಿದ್ದ ಈ ಪ್ರಕಾರ ದೈನಿಕವಾದದ್ದು 1963ರಲ್ಲಿ. 1965ರಲ್ಲಿ ರಿಯೊ ಡಿ ಜನೈರೊದಲ್ಲಿ ಆರಂಭವಾದ ಗ್ಲೋಬೊ ವಾಹಿನಿ ಮುಂದೆ ಇದನ್ನೊಂದು ಉದ್ಯಮವಾಗಿಯೇ ಬೆಳೆಸಿ, ಸೋಮವಾರದಿಂದ ಶನಿವಾರದವರೆಗೆ ‘ಆರರ ನೊವೆಲಾ’, ‘ಏಳರ ನೊವೆಲಾ’, ‘ಎಂಟರ ನೊವೆಲಾ’ ಎಂದು ಹೊತ್ತನ್ನೇ ಹೆಸರಾಗಿಸಿತು. ಆರರದ್ದು ಸೌಮ್ಯ, ಹಲವು ಸಲ ಹಳೆಯ ಕಾಲದ ಕತೆ, ಏಳರದ್ದು ನಗೆ, ರಾತ್ರಿಯದ್ದು ದ್ವೇಷ, ಆಸ್ತಿ, ಕೊಲೆ. ಎಂಟರ ನೊವೆಲಾ ಶುರುವಾಗುವಾಗ ಒಂಬತ್ತಾಗುತ್ತಿದ್ದರೂ ಬಹುಕಾಲ ಅದನ್ನು ಎಂಟರದ್ದೆಂದೇ ಕರೆದು, ಕೊನೆಗೊಮ್ಮೆ ‘ಒಂಬತ್ತರ ನೊವೆಲಾ’ ಎಂದು ಒಪ್ಪಿಕೊಂಡರು.

ಈ ಪದದ ತಿರುಳು ನನ್ನ ಲೆಕ್ಕದಲ್ಲಿ ಇನ್ನೊಂದು ಪದದಲ್ಲಿದೆ: ‘ಓಬ್ರಾ ಅಬೆರ್ತಾ’, ಅಂದರೆ ತೆರೆದ ಕೃತಿ. ನೊವೆಲಾ ಆರಂಭವಾಗುವಾಗ ಕೆಲವು ವಾರಗಳಿಗೆ ಸಾಲುವಷ್ಟು ಅಧ್ಯಾಯಗಳು ಮಾತ್ರ ಸಿದ್ಧವಿರುತ್ತವೆ. ಕಂತು ಎನ್ನದೆ ‘ಅಧ್ಯಾಯ’ ಎನ್ನುವುದು ಅಲ್ಲಿನ ರೂಢಿ. ಉಳಿದದ್ದನ್ನು ಪ್ರಸಾರ ನಡೆಯುತ್ತಿರುವಾಗಲೇ ಬರೆಯುತ್ತಾರೆ. ಜನ ಮೆಚ್ಚಿದ ಅಡುಗೆಯವಳ ಪಾತ್ರ ದೊಡ್ಡದಾಗುತ್ತದೆ, ಯಾರಿಗೂ ಹಿಡಿಸದ ಪ್ರೇಮಿ ವಿದೇಶಕ್ಕೆ ಹೊರಟುಹೋಗುತ್ತಾನೆ. ಜನ ಎಷ್ಟು ನೋಡುತ್ತಿದ್ದಾರೆಂದು ಅಳೆಯುತ್ತಿದ್ದ ಸಂಸ್ಥೆಯ ಹೆಸರಾದ ‘ಇಬೋಪಿ’ ಅಲ್ಲಿ ಸಾಮಾನ್ಯ ನಾಮಪದವೇ ಆಗಿಹೋಗಿದೆ. ಯಾರಿಗಾದರೂ ‘ಇಬೋಪಿ ಕೊಡಬೇಡ’ ಎಂದರೆ ‘ಅವರನ್ನು ತಲೆಗೆ ಹಾಕಿಕೊಳ್ಳಬೇಡ’ ಎಂದರ್ಥ. ನಮ್ಮಲ್ಲೂ ಟಿ.ಆರ್.ಪಿ. ನೋಡಿ ಕತೆ ತಿರುಗಿಸುತ್ತಾರಲ್ಲ ಎಂದು ಓದುಗರು ಕೇಳಬಹುದು. ತಿರುಗಿಸುತ್ತಾರೆ, ನಿಜ, ಆದರೆ ಅಂತ್ಯದ ದಿನ ಗೊತ್ತಿದ್ದು ತಿರುಗಿಸುವುದಕ್ಕೂ ಅಂತ್ಯವೇ ಇಲ್ಲದೆ ತಿರುಗಿಸುತ್ತಲೇ ಇರುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಪ್ರತಿ ತಿರುವಿಗೂ ಲೆಕ್ಕ ಒಪ್ಪಿಸಬೇಕಾದ ದಿನವೊಂದು ಕಾದಿರುತ್ತದೆ.

ಆ ಲೆಕ್ಕ ಒಪ್ಪಿಸುವಿಕೆ ಹೇಗಿರುತ್ತದೆಂದು ತಿಳಿಯಲು 2012ರ ‘ಅವೆನಿಡಾ ಬ್ರಸೀಲ್’ ನೋಡಬೇಕು. ಮಲತಾಯಿ ಕಾರ್ಮಿನ್ಯಾ ಒಬ್ಬ ಹುಡುಗಿಯನ್ನು ಕಸದ ರಾಶಿಯ ನಡುವೆ ಬಿಟ್ಟುಹೋಗುತ್ತಾಳೆ. ಆ ಹುಡುಗಿ ಬೆಳೆದು, ನೀನಾ ಎಂಬ ಹೆಸರಿನಲ್ಲಿ, ಈಗ ಮಾಜಿ ಫುಟ್‌ಬಾಲ್ ಆಟಗಾರನ ಹೆಂಡತಿಯಾಗಿರುವ ಅದೇ ಕಾರ್ಮಿನ್ಯಾಳ ಮನೆಗೆ ಅಡುಗೆಯವಳಾಗಿ ಸೇರುತ್ತಾಳೆ. ಗುಟ್ಟು ಬಯಲಾದಾಗ ಕಾರ್ಮಿನ್ಯಾ ಅವಳನ್ನು ಗುಂಡಿಯಲ್ಲಿ ಜೀವಂತ ಹೂಳಿಸಿ ಹೆದರಿಸುತ್ತಾಳೆ. ಇದಾದ ಮೇಲೆ ಬರುವ ದೃಶ್ಯವನ್ನು ಬ್ರೆಜಿಲ್ ಇನ್ನೂ ಮರೆತಿಲ್ಲ. ಯಜಮಾನಿಯ ಕಳ್ಳಸಂಬಂಧದ ಫೋಟೊಗಳನ್ನು ಕೈಯಲ್ಲಿಟ್ಟುಕೊಂಡ ನೀನಾ, ಈವರೆಗೆ ತಾನು ಬಡಿಸುತ್ತಿದ್ದ ಮೇಜಿಗೆ ತಾನೇ ಕುಳಿತು, ‘ಬಡಿಸು’ ಎಂದು ಅವಳನ್ನು ಬೈದು ಆಜ್ಞಾಪಿಸುತ್ತಾಳೆ. ಮನೆಗೆಲಸದವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಲಿಫ್ಟ್ ಇರುವ ಒಂದು ದೇಶದಲ್ಲಿ ಆ ಒಂದು ಕ್ರಿಯಾಪದದ ತೂಕವನ್ನು ವಿವರಿಸಬೇಕಿಲ್ಲ. ಪ್ರತಿ ಅಧ್ಯಾಯದ ಕೊನೆಯಲ್ಲಿ ಒಂದು ಮುಖ ನಿಶ್ಚಲವಾಗಿ, ಅದರ ಹಿನ್ನೆಲೆ ಮಸುಕಾದ ಬೆಳಕಿನ ಚುಕ್ಕೆಗಳಾಗಿ ಕರಗುತ್ತಿತ್ತು; ಜನ ತಮ್ಮ ಫೋಟೊಗಳನ್ನೂ ಹಾಗೆಯೇ ಮಾಡಿ ಹಂಚಿಕೊಂಡರು. 179ನೆಯ ಹಾಗೂ ಕೊನೆಯ ಅಧ್ಯಾಯ ಬಂದ ಅಕ್ಟೋಬರ್ 19ರಂದು ಅಧ್ಯಕ್ಷೆ ಡಿಲ್ಮಾ ರೂಸೆಫ್ ಭಾಗವಹಿಸಬೇಕಿದ್ದ ಚುನಾವಣಾ ಸಭೆಗೂ ದಿನ ಬದಲಾಯಿಸಬೇಕಾಯಿತು.

ಇದಕ್ಕೆ ಹೋಲಿಸಿದರೆ 2025ರಲ್ಲಿ ಬಂದ ‘ವಾಲೆ ತುದೊ’ದ ಮರುನಿರ್ಮಾಣ ನನಗೆ ಅಷ್ಟಾಗಿ ರುಚಿಸಲಿಲ್ಲ. ‘ಏನು ಮಾಡಿದರೂ ನಡೆಯುತ್ತದೆ’ ಎಂಬರ್ಥದ ಹೆಸರಿನ ಮೂಲ ನೊವೆಲಾ 1988ರದ್ದು. ಸೈನಿಕ ಆಡಳಿತದಿಂದ ಆಗಷ್ಟೇ ಹೊರಬಂದಿದ್ದ ದೇಶಕ್ಕೆ, ಈ ನೆಲದಲ್ಲಿ ಪ್ರಾಮಾಣಿಕವಾಗಿರುವುದರಿಂದ ಪ್ರಯೋಜನವಿದೆಯೇ ಎಂದು ಅದು ಕೇಳಿತ್ತು. ಸಿರಿವಂತೆ ಒಡೆಚಿ ರಾಯ್ಟ್‌ಮನ್‌ಳನ್ನು ಕೊಂದವರು ಯಾರೆಂದು ಎರಡು ವಾರ ಇಡೀ ದೇಶ ತಲೆಕೆಡಿಸಿಕೊಂಡಿತು. 1989ರ ಜನವರಿ 6ರಂದು ತಿಳಿದದ್ದೇನೆಂದರೆ, ಗುಂಡು ಹಾರಿಸಿದವಳ ಗುರಿ ಬೇರೊಬ್ಬಳಾಗಿತ್ತು. ಅದೇ ಅಂತ್ಯದಲ್ಲಿ ವಂಚಕನೊಬ್ಬ ವಿಮಾನದಲ್ಲಿ ದೇಶ ಬಿಟ್ಟು ಹೋಗುತ್ತ, ಕೆಳಗಿನ ನಗರದತ್ತ ತೋಳು ಮಡಚಿ ಅಶ್ಲೀಲ ಸನ್ನೆ ಮಾಡುತ್ತಾನೆ. ಹೊಸತರಲ್ಲಿ ಒಡೆಚಿ ಬದುಕುಳಿಯುತ್ತಾಳೆ. ಡೆಬೊರಾ ಬ್ಲಾಕ್ ಅವರ ಅಭಿನಯ ಅಷ್ಟು ಚೆನ್ನಾಗಿದ್ದಾಗ ಪ್ರೇಕ್ಷಕರು ಅವಳ ಪರ ವಹಿಸಿದ್ದು ಆಶ್ಚರ್ಯವಲ್ಲ. ಆದರೆ ಆ ಬದಲಾವಣೆಯಿಂದ ಕತೆ ಕೇಳಿದ್ದ ಪ್ರಶ್ನೆ ಹಿಂದೆ ಸರಿದು, ಪ್ರೇಕ್ಷಕರನ್ನು ಬೆಚ್ಚಿಬೀಳಿಸುವ ಚಮತ್ಕಾರವಷ್ಟೇ ಉಳಿಯಿತು. ಕೃತಿ ತೆರೆದಿದ್ದರೆ ಸಾಲದು, ಲೇಖಕರಿಗೆ ಬಾಗಿಲು ಹಾಕುವ ಹೊತ್ತೂ ಗೊತ್ತಿರಬೇಕು.

ಭಾರತೀಯರಾದ ನಮಗೆ ಈ ಪದದೊಂದಿಗೆ ಒಂದು ವಿಚಿತ್ರ ನಂಟಿದೆ. 2009ರಲ್ಲಿ ಗ್ಲೋರಿಯಾ ಪೆರೆಜ್ ಬರೆದ ‘ಕಮಿನ್ಯೊ ದಾಸ್ ಇಂದಿಯಾಸ್’ನಲ್ಲಿ ವರ್ತಕ ಮನೆತನದ ಮಾಯಾ ದಲಿತ ಯುವಕನೊಬ್ಬನನ್ನು ಪ್ರೀತಿಸುತ್ತಾಳೆ; ಸೀರೆ ಉಟ್ಟ ಬ್ರೆಜಿಲ್ ನಟಿಯರು ಪೋರ್ಚುಗೀಸಿನಲ್ಲಿ ಜಗಳವಾಡುತ್ತ ನಡುನಡುವೆ ‘ಅರೆ ಬಾಬಾ’ ಎನ್ನುತ್ತಾರೆ. ಆ ಉದ್ಗಾರ ಅಲ್ಲಿನ ಬೀದಿಗಳಿಗೂ ಇಳಿಯಿತು, ನೊವೆಲಾಕ್ಕೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಬಂತು. ನಮ್ಮ ಕಣ್ಣಿಗೆ ಅದು ಮದುವೆಮನೆಯ ಅಲಂಕಾರ ತೆಗೆಯಲು ಮರೆತಂತೆ ಕಾಣುತ್ತದೆ.

ಬ್ರೆಜಿಲ್‌ನಲ್ಲಿ ಸಿನಿಮಾವೊಂದನ್ನು ಹಳಿಯಬೇಕಾದಾಗ ‘ನೊವೆಲಾ ಇದ್ದ ಹಾಗಿದೆ’ ಎನ್ನುವುದುಂಟು. ಈ ತಾತ್ಸಾರಕ್ಕೆ ಆಧಾರ ಕಡಿಮೆ. 2025ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ವಾಗ್ನರ್ ಮೌರಾ 2007ರಲ್ಲಿ ನೊವೆಲಾವೊಂದರ ಖಳನಾಗಿ ಮನೆಮಾತಾಗಿದ್ದವರು. ಸೋನಿಯಾ ಬ್ರಾಗಾ ಅವರ ಹೆಸರು ಮೊಳಗಿದ್ದು 1975ರ ನೊವೆಲಾದಿಂದ. ವಾಲ್ಟರ್ ಸಾಲೆಸ್ ನಿರ್ದೇಶಿಸಿ, 2025ರಲ್ಲಿ ಆಸ್ಕರ್ ಗೆದ್ದ ‘ಐಂಡಾ ಎಸ್ತೊ ಅಕಿ’ಯ ಫೆರ್ನಾಂಡಾ ಟೊರೆಸ್ ಕೂಡ ಅದೇ ಗರಡಿಯವರು. ಆ ಸಿನಿಮಾದಲ್ಲಿ ಟೊರೆಸ್ ಅಭಿನಯಿಸಿದ ತಾಯಿಯ ಗಂಡನನ್ನು ಸೈನಿಕ ಆಡಳಿತ ಮಾಯ ಮಾಡಿದ ಮೇಲೆ ಪತ್ರಿಕೆಯ ಫೋಟೊಗ್ರಾಫರ್ ಕುಟುಂಬವನ್ನು ದುಃಖದ ಮುಖದಲ್ಲಿ ನಿಲ್ಲಲು ಕೇಳಿದಾಗ, ಆ ತಾಯಿ ಮಕ್ಕಳಿಗೆ ನಗಲು ಹೇಳುತ್ತಾಳೆ. ಕಣ್ಣೀರಿನ ಅಧ್ಯಾಯಗಳನ್ನು ಹತ್ತಾರು ವರ್ಷ ನೋಡಿ ಪಳಗಿದ ಪ್ರೇಕ್ಷಕರ ಮುಂದೆ ಆ ನಗುವನ್ನು ಇಟ್ಟದ್ದರಿಂದಲೇ ಅದು ಅಷ್ಟು ಆಳಕ್ಕೆ ಇಳಿಯಿತೆಂದು ನನಗನ್ನಿಸುತ್ತದೆ.

ಈಗ ಪದದ ಗಡಿ ಅಲುಗಾಡುತ್ತಿದೆ. ನೆಟ್‌ಫ್ಲಿಕ್ಸ್‌ನ ‘ಪೆದಾಸೊ ದೆ ಮಿಂ’ 17 ಅಧ್ಯಾಯಗಳಲ್ಲಿ, ಮ್ಯಾಕ್ಸ್‌ನ ‘ಬೆಲೆಜಾ ಫಟಾಲ್’ 40 ಅಧ್ಯಾಯಗಳಲ್ಲಿ ಮುಗಿದವು. ಎರಡನೆಯದರಲ್ಲಿ ಸೇಡು, ಅಬ್ಬರದ ಖಳನಾಯಕಿ, ವಾರವಾರದ ಕಾತರ ಎಲ್ಲವೂ ಇದ್ದವು. ಆದರೆ ಮೊದಲ ಅಧ್ಯಾಯ ಬಿಡುಗಡೆಯಾಗುವ ಮೊದಲೇ ಕೊನೆಯದೂ ಬರೆದು, ಚಿತ್ರಿಸಿ ಮುಗಿದಿತ್ತು. ಪ್ರೇಕ್ಷಕರು ಎಷ್ಟೇ ಕೂಗಾಡಿದರೂ ಅಲ್ಲಿ ಯಾವ ಪಾತ್ರವೂ ವಿದೇಶಕ್ಕೆ ಹೋಗುವಂತಿರಲಿಲ್ಲ. ನಾನಾದರೆ ಅದನ್ನು ಸರಣಿ ಎಂದು ಕರೆಯುತ್ತೇನೆ; ಬ್ರೆಜಿಲ್‌ನವರು ನೊವೆಲಾ ಎಂದೇ ಕರೆದರು.