ಮೊದಲು ಮಣ್ಣು ನೋಡಿ, ಆಮೇಲೆ ಟೈರು

ಮುಂಗಾರು ಶುರುವಾಗೋ ಹೊತ್ತಿಗೆ ಮಸ್ಕಿ ಕಡೆಯ ಒಬ್ಬ ಹುಡುಗ ತನ್ನ ಮಹೀಂದ್ರಾ ಥಾರ್ ಜೀಪು ತಗೊಂಡು ಸಿಂಧನೂರಿನ ನಮ್ಮ ಟೈರ್ ಅಂಗಡಿಗೆ ಬಂದ. ಫೋನ್‌ನಲ್ಲಿ ಒಂದು ಫೋಟೊ ತೋರಿಸಿದ. ಇಪ್ಪತ್ತು ಇಂಚಿನ ಕಪ್ಪು ಅಲಾಯ್ ರಿಮ್, ಬಾಡಿಯಿಂದ ಹೊರಗೆ ಚಾಚಿದ ಅಗಲ ಟೈರು.

"ಅಣ್ಣಾ, ಇಂಥವೇ ಹಾಕ್ರಿ. ಮಳಿ ಬಿದ್ದಾಗ ಹೊಲಕ್ಕ ಹೋಗಿ ಬರೋ ಹಂಗಿರಬೇಕು."

"ಹೊಲ ಎರಿನೋ ಮಸಾರಿನೋ ತಮ್ಮಾ?" ಅಂತ ಕೇಳಿದೆ.

ಅವನು ಟೈರಿನ ರೇಟು ಕೇಳೋಕೆ ಬಂದವನು, ನಾನು ಮಣ್ಣು ಕಪ್ಪೋ (ಎರಿ) ಕೆಂಪೋ (ಮಸಾರಿ) ಅಂತ ಕೇಳಿದೆ. ಆದರೆ ಇಪ್ಪತ್ತೆರಡು ವರ್ಷದಿಂದ ನನ್ನ ಮೊದಲ ಪ್ರಶ್ನೆ ಅದೇ. ನಮ್ಮ ಕಡೆ ಒಂದೇ ತರಹದ ನೆಲ ಇಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ ಸುತ್ತ ಎರಿ ಭೂಮಿ, ಕಾಲುವೆ, ಗದ್ದೆ. ಸಂಡೂರಿನ ಗುಡ್ಡದ ಕಡೆ ಚಾಕುವಿನಂಥ ಅದಿರು ಕಲ್ಲು. ಆನೆಗೊಂದಿ, ಕೊಪ್ಪಳದ ಕಡೆ ದೊಡ್ಡ ಬಂಡೆ, ಅದರ ಮೇಲೆ ಉದುರಿದ ಮರಳುಮಣ್ಣು. ಎಲ್ಲ ಕಡೆಗೂ ಬಳ್ಳಾರಿ ಜಾಲಿ. ಈ ನಾಲ್ಕಕ್ಕೂ ಒಂದೇ ಟೈರು ಸರಿ ಅಂತ ಯಾರಾದರೂ ಹೇಳಿದರೆ ಅವರು ಟೈರು ಮಾರೋಕೆ ಹೇಳುತ್ತಿದ್ದಾರೆ ಅಂತ ತಿಳಿಯಿರಿ.

ಎರಿಯಿಂದಲೇ ಶುರು ಮಾಡೋಣ. ಒಣಗಿದಾಗ ಎರಿ ಮಣ್ಣು ಸಿಮೆಂಟಿನ ಹಾಗೆ ಗಟ್ಟಿ. ನೆನೆದರೆ ಅಂಟು. ಮಳೆಯಲ್ಲಿ ಹೊಲದೊಳಗೆ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಒಂದೊಂದು ಕೆಜಿ ತೂಗುತ್ತದೆ, ಅಲ್ವಾ? ಟೈರಿಗೂ ಅದೇ ಆಗುತ್ತದೆ. ಮಾಮೂಲಿ ರಸ್ತೆ ಟೈರು, ಅಂದರೆ ಎಚ್‌ಟಿ, ಎರಡು ಸುತ್ತು ತಿರುಗುವಷ್ಟರಲ್ಲಿ ಗೆರೆಗಳೆಲ್ಲ ಮುಚ್ಚಿಹೋಗಿ ನುಣ್ಣಗಾಗುತ್ತದೆ. ಎಟಿ, ಅಂದರೆ ರಸ್ತೆಗೂ ಮಣ್ಣಿಗೂ ಆಗುವ ಟೈರು, ಇನ್ನೊಂದಿಷ್ಟು ದೂರ ಎಳೆಯುತ್ತದೆ. ಎಂಟಿ, ಅಂದರೆ ಹುಡುಗರು ಬಟನ್ ಟೈರ್ ಅನ್ನೋದು, ಅದರ ದಪ್ಪ ರಬ್ಬರ್ ಗುಂಡಿಗಳ ನಡುವೆ ಅಗಲವಾದ ಜಾಗ ಇರುತ್ತದೆ. ಚಕ್ರ ಜೋರಾಗಿ ತಿರುಗಿದಾಗ ಅಲ್ಲಿ ತುಂಬಿದ ಮಣ್ಣು ಹೊರಗೆ ಸಿಡಿಯುತ್ತದೆ. ಗುಂಡಿ ಮತ್ತೆ ನೆಲ ಕಚ್ಚುತ್ತದೆ.

ಹಾಗಾದರೆ ಎಂಟಿನೇ ಹಾಕಿಸೋಣ ಅನ್ನಿಸುತ್ತದೆ. ಒಂದು ನಿಮಿಷ ತಡೆಯಿರಿ. ನೀವು ವರ್ಷಕ್ಕೆ ಎಷ್ಟು ದಿನ ರಾಡಿಯಲ್ಲಿ ಇಳಿಯುತ್ತೀರಿ? ಉಳಿದ ದಿನ ಗಾಡಿ ರಾಯಚೂರಿಗೆ, ಗಂಗಾವತಿಗೆ, ಬಳ್ಳಾರಿಗೆ ಡಾಂಬರಿನ ಮೇಲೇ ಓಡುತ್ತದೆ. ಡಾಂಬರಿನ ಮೇಲೆ ಎಂಟಿ ಗುಂಯ್ ಅಂತ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಅದಕ್ಕಿಂತ ಮುಖ್ಯ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲೋಕೆ ಜಾಸ್ತಿ ದೂರ ತಗೊಳ್ಳುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿಗೆ ನಾನು ಎಂಟಿ ಹಾಕು ಅಂತ ಹೇಳೋದಿಲ್ಲ. ಒಳ್ಳೆಯ ಎಟಿ ಸಾಕು. ನೆನೆದ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸೋಕೂ ನಾವು ಹದ ನೋಡುತ್ತೇವೆ. ಜೀಪಿಗೂ ಅಷ್ಟೇ. ಒಂದು ದಿನ ಬಿಸಿಲು ಬೀಳಲಿ, ಎಟಿ ಟೈರಿನಲ್ಲೇ ಹೋಗಿ ಬರಬಹುದು. ಮಳೆ ನಿಲ್ಲೋ ಮೊದಲೇ ಮೋಟರ್ ನೋಡೋಕೆ ಹೋಗಲೇಬೇಕು ಅನ್ನುವವರು, ಹೊಲದ ಕೆಲಸಕ್ಕೇ ಇಟ್ಟ ಗಾಡಿಯವರು, ಅವರಿಗೆ ಮಾತ್ರ ಎಂಟಿ.

ಇನ್ನು ರಿಮ್. ಹೆಚ್ಚಿನ ತಪ್ಪು ಆಗೋದು ಇಲ್ಲೇ, ಅದಕ್ಕೆ ಸ್ವಲ್ಪ ಲೆಕ್ಕ ಹಾಕೋಣ. 2020ರ ಥಾರ್‌ನಲ್ಲಿ ಕೆಳಗಿನ ಮಾಡೆಲ್‌ಗೆ ಕಂಪನಿಯೇ 245/75 ಆರ್ 16 ಟೈರು ಕೊಟ್ಟಿತ್ತು. ಮೇಲಿನದಕ್ಕೆ 255/65 ಆರ್ 18. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಅಂತ. ಕೊನೆಯದು ರಿಮ್ಮಿನ ಇಂಚು. ಹದಿನಾರರ ಟೈರಿಗೆ ಗೋಡೆ 184 ಮಿ.ಮೀ. ಬರುತ್ತದೆ. ಹದಿನೆಂಟಕ್ಕೆ 166. ಆ ಹುಡುಗ ಕೇಳಿದಂತೆ ಇಪ್ಪತ್ತು ಇಂಚಿನ ರಿಮ್ ಹಾಕಿ, ಅದಕ್ಕೆ 265/50 ಟೈರು ಕೂರಿಸಿದರೆ 132.5 ಮಾತ್ರ. ಚಕ್ರದ ಒಟ್ಟು ಎತ್ತರ ಹದಿನಾರರ ಟೈರು ಹಾಕಿದಾಗಿನಷ್ಟೇ. ಗಾಡಿ ನೆಲದಿಂದ ಒಂದಿಂಚೂ ಮೇಲೇಳಲಿಲ್ಲ. ಹೋದದ್ದು ಏನು? ಮೂರು ಬೆರಳು ಅಗಲದಷ್ಟು ರಬ್ಬರು.

ಆ ಮೂರು ಬೆರಳೇ ಕಾಡುದಾರಿಯಲ್ಲಿ ನಿಮ್ಮನ್ನು ಕಾಯೋದು. ಕಲ್ಲಿನ ಪೆಟ್ಟು ತಿನ್ನುವುದು ಆ ಗೋಡೆ ಮತ್ತು ಅದರೊಳಗಿನ ಗಾಳಿ. ಗೋಡೆ ಗಿಡ್ಡವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟೈರು ಅಡಕತ್ತರಿಗೆ ಸಿಕ್ಕ ಅಡಿಕೆಯಾಗುತ್ತದೆ. ಒಳಗೆ ದಾರ ಹರಿಯುತ್ತದೆ, ಹೊರಗೆ ಗುಳ್ಳೆ ಏಳುತ್ತದೆ. ಗುಳ್ಳೆ ಬಂದ ಟೈರನ್ನು ಯಾರೂ ರಿಪೇರಿ ಮಾಡಲಾರರು, ಬಿಸಾಕಲೇಬೇಕು. ಹಾಗಾಗಿ ಕಾಡುದಾರಿಗೆ ರಿಮ್ ಸಣ್ಣದಿರಲಿ, ರಬ್ಬರು ಎತ್ತರವಿರಲಿ. ಸಣ್ಣ ರಿಮ್ ತಗೊಳ್ಳುವಾಗ ಬ್ರೇಕಿಗೆ ತಾಗುತ್ತದಾ ನೋಡಬೇಕು. ಟೈರು ಹಾಕದೆ ಬರೀ ರಿಮ್ ಕೂರಿಸಿ, ನಟ್ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಅಲಾಯ್ ಬೇಕಾ, ಸ್ಟೀಲ್ ಬೇಕಾ? ಸಂಡೂರು ಕಡೆಯ ಕಲ್ಲುದಾರಿಯಲ್ಲಿ ದಿನಾ ಓಡಾಡುವವರಿಗೆ ನಾನು ಸ್ಟೀಲ್ ಅನ್ನುತ್ತೇನೆ. ತೂಕ ಜಾಸ್ತಿ, ಹೌದು. ಆದರೆ ಪೆಟ್ಟು ಬಿದ್ದರೆ ಸ್ಟೀಲ್ ಬಾಗುತ್ತದೆ, ಸುತ್ತಿಗೆಯಿಂದ ಹೊಡೆದು ಊರು ಮುಟ್ಟಬಹುದು. ಅಲಾಯ್ ಸೀಳುತ್ತದೆ. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಮತ್ತೆ ರಸ್ತೆಗೆ ಇಳಿಸಬೇಡಿ, ಕೈಮುಗಿದು ಹೇಳುತ್ತೇನೆ.

ರಿಮ್ಮಿನಲ್ಲಿ ಇನ್ನೂ ಮೂರು ಅಳತೆ ಕೂಡಿ ಬರಬೇಕು. ಒಂದು ಪಿಸಿಡಿ, ಅಂದರೆ ಎಷ್ಟು ನಟ್, ಅವು ಎಷ್ಟು ಅಗಲದ ವೃತ್ತದಲ್ಲಿ ಕೂತಿವೆ ಅಂತ. ಮಾರುತಿ ಜಿಮ್ನಿಗೆ 5 ನಟ್, 139.7 ಮಿ.ಮೀ. ಟೊಯೊಟಾ ಫಾರ್ಚುನರ್‌ಗೆ ವೃತ್ತ ಅಷ್ಟೇ, ನಟ್ 6. ಎರಡನೆಯದು ನಡುವಿನ ತೂತು. ಅದು ಹಬ್ಬಿನ ಮೇಲೆ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ನಡುಭಾಗದ ಮೇಲೆ, ಸರಿಯಾಗಿ ಕೂರಬೇಕು. ದೊಡ್ಡದಾದರೆ ಅಳತೆಯ ರಿಂಗ್ ಹಾಕಿಸಿ, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೇರಿಂಗ್ ನಡುಗುವುದು ನಿಲ್ಲದೇ ಹೋಗಬಹುದು. ಮೂರನೆಯದು ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನೋದು. ಹೊರಗೆ ಚಾಚಿದಷ್ಟೂ ನೋಡೋಕೆ ಗತ್ತು, ಆದರೆ ಬೇರಿಂಗಿನ ಮೇಲೆ ಭಾರ. ರಸ್ತೆಯ ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯನ್ನೇ ತಿರುವುತ್ತದೆ. ರಾಡಿಯೆಲ್ಲ ಬಾಗಿಲಿಗೆ ಎರಚುತ್ತದೆ.

ನಟ್ ವಿಷಯ ಬೇರೆಯಾಗಿಯೇ ಹೇಳಬೇಕು. ಅಂಗಡಿ ಹಾಕಿದ ಹೊಸತು. ಒಬ್ಬರ ಜೀಪಿಗೆ ಅವರು ಬೇರೆ ಕಡೆಯಿಂದ ತಂದ ಅಲಾಯ್ ಕೂರಿಸಿದೆ. ನಟ್ ಮಾತ್ರ ಹಳೆಯವು. ಹತ್ತು ದಿನಕ್ಕೆ ವಾಪಸ್ ಬಂದರು, "ಗಾಡಿ ಯಾಕೋ ಓಲಾಡ್ತದ" ಅಂದರು. ಬಿಚ್ಚಿ ನೋಡಿದರೆ ದುಂಡಗಿದ್ದ ತೂತು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಸುತ್ತ ಬೆಳ್ಳಿಯಂಥ ಪುಡಿ. ಹಳೆಯ ನಟ್ಟಿನ ತಳ ಗುಂಡಗೆ, ಹೊಸ ರಿಮ್ಮಿನ ತೂತು ಇಳಿಜಾರು. ಎರಡೂ ಒಂದು ಗೆರೆಯಲ್ಲಿ ಮಾತ್ರ ತಾಗುತ್ತಿದ್ದವು. ಚಕ್ರ ಕಳಚದೆ ಮನೆ ಸೇರಿದ್ದು ಅವರ ಪುಣ್ಯ. ತಪ್ಪು ನನ್ನದು. ಆ ರಿಮ್ಮಿನ ದುಡ್ಡು ನಾನೇ ಕೊಟ್ಟೆ. ಅಂದಿನಿಂದ ಯಾವ ಹೊಸ ರಿಮ್ ಬಂದರೂ ನಟ್ಟಿನ ತಳಕ್ಕೆ ಮಾರ್ಕರ್ ಬಣ್ಣ ಹಚ್ಚಿ, ಒಮ್ಮೆ ಬಿಗಿದು ಬಿಚ್ಚುತ್ತೇನೆ. ಬಣ್ಣ ಸುತ್ತಲೂ ಬಳೆಯ ಹಾಗೆ ಅಗಲವಾಗಿ ಅಳಿಸಿರಬೇಕು. ನೀವೂ ಅಂಗಡಿಯವರಿಗೆ ಮಾಡಿ ತೋರಿಸು ಅನ್ನಿ.

ಅಳತೆ ದೊಡ್ಡದು ಮಾಡುವಾಗ ಆಸೆಗೆ ಮಿತಿ ಇರಲಿ. ಜಿಮ್ನಿಗೆ ಕಂಪನಿ ಟೈರು 195/80 ಆರ್ 15. 215/75 ಹಾಕಿದರೆ ಎತ್ತರ ಒಂದು ಸೆಂಟಿಮೀಟರ್ ಅಷ್ಟೇ ಏರುತ್ತದೆ, ಕಂಪನಿ ರಿಮ್ಮಿಗೇ ಕೂರುತ್ತದೆ. 235/75 ಬೇಕು ಅನ್ನುವವರೂ ಬರುತ್ತಾರೆ. ಅದು ನಾಲ್ಕು ಸೆಂಟಿಮೀಟರ್ ದೊಡ್ಡದು, ಅಗಲಕ್ಕೆ ಕಂಪನಿಯ ಐದೂವರೆ ಇಂಚಿನ ರಿಮ್ ಸಾಲದು. ಮೀಟರ್ ಮುಳ್ಳು 80ರಲ್ಲೇ ಇರುತ್ತದೆ, ಗಾಡಿ ಮೊದಲಿಗಿಂತ ನೂರಕ್ಕೆ ಸುಮಾರು 6ರಷ್ಟು ಜೋರಾಗಿ ಓಡುತ್ತಿರುತ್ತದೆ. ಎಳೆತ ಕಮ್ಮಿ, ಬ್ರೇಕಿಗೆ ಕೆಲಸ ಜಾಸ್ತಿ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಮೀರಿ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ.

ಟೈರಿನ ಪಕ್ಕೆ ಓದೋಕೆ ಕಲಿಯಿರಿ. ಅಳತೆಯ ಪಕ್ಕದಲ್ಲಿರುವ ಅಂಕಿ ಭಾರದ್ದು. 94 ಅಂದರೆ ಒಂದು ಟೈರು 670 ಕೆಜಿ ಹೊರುತ್ತದೆ, 109 ಅಂದರೆ 1030 ಕೆಜಿ. ಕಂಪನಿ ಟೈರಿನಲ್ಲಿದ್ದ ಅಂಕಿಗಿಂತ ಕಮ್ಮಿ ತಗೊಳ್ಳಬೇಡಿ. ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ನಲವತ್ತು ದಾಟುವ ನಮ್ಮ ರಾಯಚೂರು ಬಿಸಿಲಿನಲ್ಲಿ ಹಳೆಯ ರಬ್ಬರು ಬೇಗ ಬಿರಿಯುತ್ತದೆ, ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಸ್ಟಾಕ್ ತಗೊಳ್ಳಬೇಡಿ. ಪಕ್ಕೆಯಲ್ಲಿ ಎಷ್ಟು ಪದರ ಇದೆ ಅಂತಲೂ ಬರೆದಿರುತ್ತದೆ. ಮೂರು ಪದರದ್ದು ಸಿಕ್ಕರೆ ನಮ್ಮ ಕಡೆಗೆ ಒಳ್ಳೆಯದು. ಕಾರಣ ಜಾಲಿ.

ಜಾಲಿ ಮುಳ್ಳು ಮೊಳೆಯ ಹಾಗಲ್ಲ. ಚುಚ್ಚಿ ಮುರಿಯುತ್ತದೆ, ತುದಿ ಒಳಗೇ ಉಳಿಯುತ್ತದೆ. ಹೊರಗೆ ಕಾಣೋದಿಲ್ಲ. ದಿನಾ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇಳಿಯುತ್ತದೆ. ಇಂಥ ಟೈರನ್ನು ಬಿಚ್ಚಿ ಒಳಗಡೆ ಹತ್ತಿ ಆಡಿಸುತ್ತೇವೆ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ತೆಗೆದು ಒಳಗಿನಿಂದ ಪ್ಯಾಚ್ ಹಾಕಬಹುದು. ಪಕ್ಕೆಯಲ್ಲಿ ತೂತಾದರೆ ಆ ಟೈರಿನ ಕಥೆ ಮುಗಿಯಿತು.

ಇದನ್ನು ಗಾಳಿಯ ಜೊತೆ ಸೇರಿಸಿ ಯೋಚಿಸಬೇಕು. ಮರಳು, ರಾಡಿಯಲ್ಲಿ ಗಾಳಿ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ನಿಜ, 32 ಇದ್ದದ್ದನ್ನು 20ಕ್ಕೆ ತಂದರೆ ಟೈರು ಉದ್ದಕ್ಕೆ ಮಲಗಿ ನೆಲ ಹಿಡಿಯುತ್ತದೆ. ಆದರೆ ಪಕ್ಕೆ ಹೊರಗೆ ಉಬ್ಬುತ್ತದೆ. ಇಕ್ಕಟ್ಟಾದ ಜಾಲಿ ದಾರಿಯಲ್ಲಿ ಆ ಉಬ್ಬಿಗೇ ಮುಳ್ಳು ಬಡಿಯುತ್ತದೆ. ಅದಕ್ಕೆ ಹಳ್ಳದ ಮರಳಿಗೆ ಇಳಿಯುವಾಗ ಇಳಿಸಿ, ಜಾಲಿ ದಾರಿಗೆ ಬಂದಾಗ ತುಂಬಿಸಿ. 15ಕ್ಕಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಹೊರಬರಬಹುದು. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಕಮ್ಮಿ ಗಾಳಿ, ಬಿಸಿಲು, ವೇಗ, ಈ ಮೂರೂ ಸೇರಿದರೆ ಟೈರು ಒಡೆಯಬಹುದು. 12 ವೋಲ್ಟಿನ ಸಣ್ಣ ಪಂಪ್ ಒಂದು ಗಾಡಿಯಲ್ಲೇ ಇರಲಿ.

ಹೊಸ ಅಳತೆಗೆ ರಸ್ತೆಯಲ್ಲಿ ಎಷ್ಟು ಗಾಳಿ ಸರಿ? ಬಾಗಿಲ ಬಳಿಯ ಸ್ಟಿಕರ್ ಹಳೆಯ ಟೈರಿನದ್ದು. ಅದನ್ನೇ ಹಾಕಿ, ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆಯಿರಿ. ನೇರ ಡಾಂಬರಿನಲ್ಲಿ ನೂರು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದ್ದರೆ ಕಮ್ಮಿ. ಎರಡೆರಡು ಪಿಎಸ್‌ಐ ಬದಲಾಯಿಸುತ್ತಾ ನೋಡಿ, ಗೆರೆ ಒಂದೇ ಸಮ ಅಳಿಸಬೇಕು.

ಟೈರು ನಾಲ್ಕಲ್ಲ, ಐದು ತಗೊಳ್ಳಿ. ಫೋರ್ ವೀಲ್ ಹಾಕಿದಾಗ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಕೊಟ್ಟಾಗ, ಒಂದು ಚಕ್ರ ಸಣ್ಣದಿದ್ದರೆ ಗೇರ್‌ಗಳು ಒಂದಕ್ಕೊಂದು ಜಗ್ಗುತ್ತವೆ. ಸ್ಟೆಪ್ನಿಯೂ ಅದೇ ಅಳತೆ ಇರಬೇಕು.

ಮಸ್ಕಿಯ ಹುಡುಗನ ಹೊಲ ಎರಿನೇ. ಅರ್ಧ ಗಂಟೆ ಕೂತು ಮಾತಾಡಿದೆವು. ಕೊನೆಗೆ 245/75 ಆರ್ 16 ಎಟಿ, ಸ್ಟೀಲ್ ರಿಮ್, ಐದು. ಉಳಿದ ದುಡ್ಡಿನಲ್ಲಿ ಪಂಪ್ ಮತ್ತು ಒಂದು ಗಟ್ಟಿ ಎಳೆಯೋ ಹಗ್ಗ. ನೂರು ಕಿಲೋಮೀಟರ್ ಓಡಿಸಿ ನಟ್ ಬಿಗಿ ನೋಡಿಸೋಕೆ ಬಾ ಅಂದಿದ್ದೆ, ಮೂರನೇ ದಿನ ಬಂದ. ಅಷ್ಟೂ ನಟ್‌ಗಳಲ್ಲಿ ಎರಡು ನಟ್ ಮಾತ್ರ ಕಾಲು ಸುತ್ತು ಬಿಗಿಯಾದವು.